ದೊಡ್ಡಮ್ಮನ ಮಾತ್ರೆ ಅಮ್ಮನಿಗೇಕೆ ಆಗಲಿಲ್ಲ?

ಗೌರಿ ಹಬ್ಬಕ್ಕೆ ತುಮಕೂರಿಗೆ ಹೋದಾಗ ಅಮ್ಮ ರಾತ್ರಿ ಎರಡು ಸಲ ಎದ್ದು, ಬೆವರಲ್ಲಿ ತೊಯ್ದ ನೈಟಿ ಬದಲಿಸಿದ್ದಳು. ಸಂಕ್ರಾಂತಿಗೆ ಹೋದರೆ ಹಾಯಾಗಿ ನಿದ್ದೆ ಮಾಡ್ತಿದಾಳೆ!

"ಏನಮ್ಮ ಮಾಡಿದೆ?" ಅಂದೆ.

"ನಿಮ್ಮ ದೊಡ್ಡಮ್ಮನ ಮಾತ್ರೆ ಕಣೇ. ಮೂರು ತಿಂಗಳಾಯ್ತು. ಮೊನ್ನೆ ಮಾತ್ರ ಒಂಚೂರು ಕಲೆ ಆಯ್ತು, ಅಷ್ಟೆ."

ಅಮ್ಮನಿಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಮತ್ತೆ ಕಲೆ ಯಾಕೆ? ಮರುದಿನವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆಯ ಸ್ಟ್ರಿಪ್ ನೋಡಿದ ಅವರ ಮೊದಲ ಪ್ರಶ್ನೆ: "ನಿಮ್ಮ ಅಕ್ಕನಿಗೆ ಗರ್ಭಕೋಶ ತೆಗೆದಿದಾರಾ?"

ಹೌದು, ತೆಗೆದಿದ್ದಾರೆ. ಅಮ್ಮನಿಗೆ ತೆಗೆದಿಲ್ಲ. ವ್ಯತ್ಯಾಸ ಇದ್ದದ್ದು ಅಲ್ಲೇ.

ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜೆನ್ ಕುಸಿಯುತ್ತದೆ. ಮೈ ಬಿಸಿಯನ್ನು ಹದದಲ್ಲಿಡುವ ಮೆದುಳಿನ ಭಾಗ ಆಗ ಅತಿ ಸೂಕ್ಷ್ಮವಾಗಿ, ಸ್ವಲ್ಪ ಬಿಸಿಯಾದರೂ ಬೆವರು ಹರಿಸುತ್ತದೆ. ಹೊರಗಿನಿಂದ ಈಸ್ಟ್ರೋಜೆನ್ ಕೊಟ್ಟರೆ ಅದು ತಣ್ಣಗಾಗುತ್ತದೆ. ಆದರೆ ಅದೇ ಹಾರ್ಮೋನ್ ಗರ್ಭಕೋಶದ ಒಳಪದರವನ್ನೂ ಬೆಳೆಸುತ್ತದೆ. ಆ ಬೆಳವಣಿಗೆಗೆ ಕಡಿವಾಣ ಹಾಕುವುದು ಪ್ರೊಜೆಸ್ಟರಾನ್. ಗರ್ಭಕೋಶವೇ ಇಲ್ಲದ ದೊಡ್ಡಮ್ಮನಿಗೆ ಕಡಿವಾಣ ಬೇಕಿರಲಿಲ್ಲ, ಅಮ್ಮನಿಗೆ ಬೇಕೇ ಬೇಕಿತ್ತು. ಅಮೆರಿಕದಲ್ಲಿ ಬರೀ ಈಸ್ಟ್ರೋಜೆನ್ ನುಂಗುತ್ತಿದ್ದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚೆಂದು 1975ರಲ್ಲೇ ಗೊತ್ತಾಗಿತ್ತು.

ಸ್ಕ್ಯಾನ್‌ನಲ್ಲಿ ಅಮ್ಮನ ಒಳಪದರ ದಪ್ಪವಾಗಿತ್ತು. ಬಯಾಪ್ಸಿ ರಿಪೋರ್ಟ್ ಬರುವವರೆಗಿನ ಆರು ದಿನ ನಮ್ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಕ್ಯಾನ್ಸರ್ ಇಲ್ಲ ಅಂತ ಬಂತು. ದೊಡ್ಡಮ್ಮ ಫೋನಲ್ಲಿ ಅತ್ತೇಬಿಟ್ಟರು.

"ಹಾಗಾದ್ರೆ ಹಾರ್ಮೋನೇ ಬೇಡಪ್ಪ" ಅಂದೆ ನಾನು. ಡಾಕ್ಟರ್ ಒಪ್ಪಲಿಲ್ಲ. ಈ ಭಯ ಹುಟ್ಟಿದ್ದು 2002ರಲ್ಲಿ. ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಎರಡೂ ಹಾರ್ಮೋನ್ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಮಂದಿಗೆ 8ರಷ್ಟು ಹೆಚ್ಚು ಸ್ತನ ಕ್ಯಾನ್ಸರ್ ಕಂಡಿತ್ತು. ಆದರೆ ಅವರ ಸರಾಸರಿ ವಯಸ್ಸು 63. ತೊಂದರೆ ಇರುವ, 60 ದಾಟದ ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು ಎನ್ನುವುದು ಈಗಿನ ತಿಳಿವಳಿಕೆ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಲಿವರ್ ಕಾಯಿಲೆ ಇದ್ದವರ ಲೆಕ್ಕ ಬೇರೆ.

ಒಳಪದರ ಸರಿಹೋದ ಮೇಲೆ ಅಮ್ಮನಿಗೆ ಹೊಸ ಚೀಟಿ ಸಿಕ್ಕಿತು: ಚರ್ಮಕ್ಕೆ ಹಚ್ಚುವ ಈಸ್ಟ್ರೋಜೆನ್ ಜೆಲ್, ರಾತ್ರಿ ಪ್ರೊಜೆಸ್ಟರಾನ್ ಕ್ಯಾಪ್ಸೂಲ್. ನುಂಗಿದ ಈಸ್ಟ್ರೋಜೆನ್ ಮೊದಲು ಲಿವರ್‌ಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದರೆ ಆ ಅಪಾಯ ಕಡಿಮೆ. ಕ್ಯಾಪ್ಸೂಲ್ ನಿದ್ದೆ ತರಿಸುವುದರಿಂದ ರಾತ್ರಿಗೆ.

ಈ ವಾರ ಮನೆಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಆದಮೇಲೆ ಇನ್ನೊಂದು ಪ್ರಶ್ನೆ ಕೇಳಿ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ಕಲೆ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. ನಾನು ಕೇಳದೇ ಇದ್ದಿದ್ದರೆ ನಮ್ಮಮ್ಮ ಹೇಳುತ್ತಲೇ ಇರಲಿಲ್ಲ.