ಕೋಳಿಗೂಡಿಗೂ ಕಾನೂನು ಉಂಟು

ನಮ್ಮ ಕಡೆ ಹತ್ತಿಪ್ಪತ್ತು ಕೋಳಿ ಇಲ್ಲದ ಕೃಷಿಕರ ಮನೆ ಕಡಿಮೆ. ಮಕ್ಕಳಿಗೆ ಮೊಟ್ಟೆ, ತೆಂಗಿನ ಬುಡಕ್ಕೆ ಗೊಬ್ಬರ, ನೆಂಟರು ಬಂದರೆ ಪದಾರ್ಥ, ಕೈ ಖಾಲಿಯಾದರೆ ನಾಲ್ಕು ಕಾಸು. ಆದರೂ ಅಡಿಕೆಗೆ ಕೊಳೆರೋಗ ಬಂದರೆ ಊರೆಲ್ಲ ಓಡಾಡುವ ನಾವು, ಕೋಳಿ ಸತ್ತರೆ ‘ಹೋಯ್ತು’ ಎಂದು ತೋಡಿಗೆ ಎಸೆದು ಕೈ ತೊಳೆಯುತ್ತೇವೆ. ನಾನೂ ಹಾಗೇ ಇದ್ದವನು.

2019ರ ಬೇಸಗೆ. ಮನೆಯಲ್ಲಿ ಗಿರಿರಾಜ, ನಾಟಿ ಸೇರಿ 34 ಕೋಳಿಗಳಿದ್ದವು. ಸಂತೆಯಿಂದ ಎರಡು ಹೇಂಟೆ ತಂದು ಅದೇ ಸಂಜೆ ಗೂಡಿಗೆ ಬಿಟ್ಟೆ. ಆರನೇ ದಿನ ಒಂದಕ್ಕೆ ಹಸಿರು ಭೇದಿ. ಮರುದಿನ ಇನ್ನೆರಡು ಕುತ್ತಿಗೆ ತಿರುಚಿಕೊಂಡು ಬಿದ್ದವು. "ಎಲ್ಲವೂ ಸಾಯುವ ಮೊದಲು ಮಾರಿಬಿಡಿ ಮಾರಾಯ್ರೇ" ಎಂದರು ಗೊತ್ತಿದ್ದವರು. ನೋಡಲು ಚೆನ್ನಾಗಿದ್ದ ಒಂಬತ್ತನ್ನು ಮಾರಿದೆ. ಅದರಲ್ಲಿ ಎರಡನ್ನು ಕೊಂಡದ್ದು ಕೆಳಗಿನ ಮನೆಯ ಅಕ್ಕ, ಕಾವಿಗೆ ಕೂರಿಸಲು.

ಹತ್ತು ದಿನದಲ್ಲಿ ಅಕ್ಕನ 21 ಕೋಳಿಗಳಲ್ಲಿ ಮೂರು ಉಳಿದವು. ಮೊಟ್ಟೆಯ ದುಡ್ಡಿನಲ್ಲೇ ಮಗಳ ಬಸ್ಸಿನ ಖರ್ಚು ನಡೆಯುತ್ತಿದ್ದ ಮನೆ ಅದು. ಅಕ್ಕ ಜಗಳ ಮಾಡಲಿಲ್ಲ. "ನಿಮ್ಮಲ್ಲಿ ಸಾಯುತ್ತಾ ಉಂಟು ಅಂತ ಒಂದು ಮಾತು ಹೇಳಬಹುದಿತ್ತಲ್ಲ?" ಎಂದರು, ಅಷ್ಟೇ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಆ ಮಾತು ಮರೆಯಲಿಲ್ಲ.

ಪಶುವೈದ್ಯರು ನೋಡಿ ಹೇಳಿದ್ದು ರಾಣಿಖೇತ್. ನಮ್ಮಲ್ಲಿ ಕೊಕ್ಕರೆ ರೋಗ ಎನ್ನುವುದು ಇದನ್ನೇ. "ಮಾರಿದ್ದು ತಪ್ಪು. ಕಾನೂನಿನ ಪ್ರಕಾರವೂ ತಪ್ಪಾಗಬಹುದು" ಎಂದಾಗ ಆಶ್ಚರ್ಯವಾಯಿತು. ಕೋಳಿಗೆಂತ ಕಾನೂನು? ಆಮೇಲೆ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಹೇಳಬೇಕು, ಬೇರೆ ಮಾಡಬೇಕು

ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕೆಂದೇ 2009ರ ಕೇಂದ್ರ ಕಾಯ್ದೆಯೊಂದಿದೆ. ಅದರ ಪಟ್ಟಿಯಲ್ಲಿ ಹಕ್ಕಿಜ್ವರ, ಗಂಬೊರೊ, ಮಾರೆಕ್ಸ್, ಕೋಳಿ ಸಿಡುಬು ಮುಂತಾದ ಹಕ್ಕಿಗಳ ರೋಗಗಳೂ ಇವೆ. ಪಟ್ಟಿಯಲ್ಲಿರುವ ರೋಗ ಬಂದಿದೆ ಎಂಬ ಸಂಶಯ ಬಂದರೆ ಸಾಕಿದವರಿಗೆ ಎರಡು ಹೊಣೆ. ಒಂದು, ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯತಿಗೆ ತಿಳಿಸುವುದು. ಅವರು ಪಶುವೈದ್ಯರಿಗೆ ಮುಟ್ಟಿಸಬೇಕು. ಎರಡು, ರೋಗದ ಪ್ರಾಣಿಯನ್ನು ಬೇರೆ ಮಾಡಿ ಕೂಡಿಹಾಕುವುದು. ಊರಿನ ಕೆರೆ, ತೊಟ್ಟಿಯ ನೀರಿಗೂ ಬಿಡುವ ಹಾಗಿಲ್ಲ. ರೋಗದಿಂದ ಸತ್ತದ್ದೆಂದು ಗೊತ್ತಿದ್ದೂ ಹೆಣವನ್ನು ಹೊಳೆ, ಕೆರೆ, ಕಾಲುವೆಗೆ ಎಸೆಯುವುದು ಅಪರಾಧ. ತೋಡಿಗೆ ಎಸೆಯುವ ನಮ್ಮ ಅಭ್ಯಾಸ ಇಲ್ಲಿ ಸಿಕ್ಕಿಬೀಳುತ್ತದೆ.

"ಯಾವ ರೋಗ ಅಂತ ನಮಗೆ ಗೊತ್ತಾಗುವುದು ಹೇಗೆ?" ಎಂದು ಕೇಳಬಹುದು. ಗೊತ್ತಾಗುವುದಿಲ್ಲ. ಜೋರಿನ ರಾಣಿಖೇತ್ ಯಾವುದು, ಹಕ್ಕಿಜ್ವರ ಯಾವುದು ಎಂದು ಕಣ್ಣಳತೆಯಲ್ಲಿ ಹೇಳಲು ವೈದ್ಯರಿಗೂ ಆಗದು. ಪ್ರಯೋಗಾಲಯವೇ ಹೇಳಬೇಕು. ಹಾಗಾಗಿ ಎರಡು ಮೂರು ದಿನದಲ್ಲಿ ಸಾಲಾಗಿ ಕೋಳಿ ಸತ್ತರೆ ಹೆಸರು ಹುಡುಕುತ್ತ ಕೂರಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಫೋನು ಮಾಡಿ.

ಮುಚ್ಚಿಟ್ಟರೆ ನಷ್ಟ ನಮಗೇ

ಹಕ್ಕಿಜ್ವರ ದೂರದ ಸುದ್ದಿಯಲ್ಲ. ದೇಶದಲ್ಲಿ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು ಮತ್ತು ಹರಿಹರದ ಬನ್ನಿಕೋಡು, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ. ರೋಗ ಖಚಿತವಾದರೆ ಸುತ್ತ 1 ಕಿ.ಮೀ. ಒಳಗಿನ ಸಾಕುಹಕ್ಕಿಗಳನ್ನು ಕೊಂದು ಹೂಳುತ್ತಾರೆ. 10 ಕಿ.ಮೀ. ತನಕ ನಿಗಾ.

"ಹೇಳಿದರೆ ಎಲ್ಲ ಕೊಲ್ಲುತ್ತಾರೆ" ಎಂಬ ಹೆದರಿಕೆಯಿಂದಲೇ ನಾವು ಬಾಯಿ ಮುಚ್ಚುವುದು. ಆದರೆ ಲೆಕ್ಕ ಹಾಕಿ ನೋಡಿ. ಪರಿಹಾರ ಸಿಗುವುದು ಸರಕಾರ ಕೊಂದ ಹಕ್ಕಿಗೆ. ಅದಕ್ಕೂ ಮೊದಲು ರೋಗದಿಂದ ತಾನಾಗಿ ಸತ್ತದ್ದಕ್ಕೆ ಇಲ್ಲ. ಒಂದೊಂದು ದಿನ ತಡ ಮಾಡಿದಷ್ಟೂ ಪರಿಹಾರದ ಲೆಕ್ಕದಿಂದ ಕೋಳಿ ಕಳೆಯುತ್ತಾ ಹೋಗುತ್ತದೆ. ಈ ರೋಗ ಅಪರೂಪಕ್ಕಾದರೂ ಮನುಷ್ಯರಿಗೂ ಅಂಟುತ್ತದೆ. ಹೆಣ ಮುಟ್ಟುವಾಗ ಕೈಗೆ ಪ್ಲಾಸ್ಟಿಕ್ ಚೀಲ, ಬಾಯಿ ಮೂಗಿಗೆ ಬಟ್ಟೆ ಬೇಕೇ ಬೇಕು. ಮಕ್ಕಳನ್ನು ದೂರ ಇಡಿ.

ಹಿಂಸೆ ಎಂದರೆ ಹೊಡೆಯುವುದು ಮಾತ್ರವಲ್ಲ

ಇನ್ನೊಂದು ಕಾಯ್ದೆ 1960ರದ್ದು, ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವಂಥದ್ದು. ಅದರ 11ನೇ ಕಲಮು ನೋಡಿದರೆ ನಾವು ದಿನಾ ಮಾಡುವ ಕೆಲಸಗಳೇ ಅಲ್ಲಿವೆ. ಅಲುಗಾಡಲು ಜಾಗವಿಲ್ಲದ ಗೂಡಿನಲ್ಲಿ ಇಡಬಾರದು. ಸಾಕಿದವರು ಸಾಕಷ್ಟು ಆಹಾರ, ನೀರು, ಆಸರೆ ಕೊಡದಿದ್ದರೆ ತಪ್ಪು. ಅನಗತ್ಯ ನೋವಾಗುವಂತೆ ಸಾಗಿಸಬಾರದು. ಸಂತೆಯಿಂದ ಕಾಲು ಕಟ್ಟಿ ಬೈಕಿನ ಹ್ಯಾಂಡಲಿಗೆ ತಲೆಕೆಳಗಾಗಿ ನೇತುಹಾಕಿಕೊಂಡು ಬರುತ್ತೇವಲ್ಲ, ಅದು ಈ ಮಾತಿಗೆ ಸರಿಯಾಗಿ ಹೊಂದುತ್ತದೆ. ಪ್ರಾಣಿಗಳನ್ನು ಕಾಳಗಕ್ಕೆ ಪ್ರಚೋದಿಸುವುದೂ ಇದೇ ಕಲಮಿನಲ್ಲಿದೆ. ಕೋಳಿಕಟ್ಟಕ್ಕೆ ಹೋಗುವವರು ಗಮನಿಸಿ.

ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇಷ್ಟೇಯಾ ಎಂದು ನಗಬಹುದು. ನನ್ನ ಅನುಭವದಲ್ಲಿ ದೊಡ್ಡ ದಂಡ ಹಾಕುವುದು ರೋಗ. ಇಕ್ಕಟ್ಟಿನ ಗೂಡಿನಲ್ಲಿ ಹಿಕ್ಕೆ ಒದ್ದೆಯಾಗಿ ಅಮೋನಿಯಾದ ವಾಸನೆ ಏಳುತ್ತದೆ, ಶ್ವಾಸನಾಳ ಕೆಡುತ್ತದೆ. ಒದ್ದೆ ನೆಲದಲ್ಲಿ ಮರಿಗಳಿಗೆ ರಕ್ತಭೇದಿ. ನೇತುಹಾಕಿ ತಂದ ಕೋಳಿ ಬಳಲಿ, ರೋಗ ತಡೆಯುವ ಶಕ್ತಿ ಕುಂದಿರುತ್ತದೆ. ಕಾನೂನು ಹೇಳುವುದೂ ಗೂಡು ಹೇಳುವುದೂ ಒಂದೇ.

ಮೊಟ್ಟೆಕೋಳಿಯ ಫಾರ್ಮುಗಳಿಗೆ 2023ರಲ್ಲಿ ಪ್ರತ್ಯೇಕ ನಿಯಮ ಬಂದಿದೆ. ಪಂಜರದಲ್ಲಿ ಕೋಳಿಯೊಂದಕ್ಕೆ ಕನಿಷ್ಠ 550 ಚದರ ಸೆಂ.ಮೀ. ಜಾಗ ಬೇಕು. ಹಳೇ ಫಾರ್ಮುಗಳಿಗೆ 2030ರ ಜನವರಿ ತನಕ ಸಮಯ ಕೊಟ್ಟಿದ್ದಾರೆ. 550 ಎಂದರೆ ಎಷ್ಟು? ಅರ್ಜಿ ಬರೆಯುವ ಎ4 ಹಾಳೆ 620 ಚದರ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. ಹಾಳೆಗಿಂತಲೂ ಕಡಿಮೆ! ಹಿತ್ತಲಲ್ಲಿ ಸಾಕುವ ನಾವು ರಾತ್ರಿ ಗೂಡಿನಲ್ಲಿ ಹಕ್ಕಿಗೊಂದು ಚದರ ಅಡಿ ಕೊಟ್ಟರೂ ಅದಕ್ಕಿಂತ ಎಷ್ಟೋ ಮೇಲು.

ಔಷಧಿಯ ಬಗ್ಗೆಯೂ ಒಂದು ಮಾತು. ಕೋಳಿ ಬೇಗ ಬೆಳೆಯಲೆಂದು ಆಹಾರದಲ್ಲಿ ಕೊಡುತ್ತಿದ್ದ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು 2019ರಲ್ಲಿ ನಿಷೇಧಿಸಿದ್ದಾರೆ. ಅಂಗಡಿಯವರು ಕೊಟ್ಟ ಪುಡಿಯನ್ನು ವೈದ್ಯರನ್ನು ಕೇಳದೆ ನೀರಿಗೆ ಹಾಕಬೇಡಿ. ರಾಣಿಖೇತ್‌ಗೆ ಕಾರಣ ವೈರಸ್. ಆಂಟಿಬಯೋಟಿಕ್ಕಿಗೆ ಅದು ಬಗ್ಗುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ.

ನಾನು ಈಗ ಮಾಡುತ್ತಿರುವುದು

* ಹೊಸ ಕೋಳಿ ತಂದರೆ ಮೂರು ವಾರ ಬೇರೆ ಗೂಡು, ಬೇರೆ ನೀರಿನ ಪಾತ್ರೆ. ಮೊದಲು ಹಳೇ ಕೋಳಿಗಳ ಕೆಲಸ ಮುಗಿಸಿ ಆಮೇಲೆ ಹೊಸತರ ಹತ್ತಿರ ಹೋಗುವುದು.

* ಮರಿಗೆ 5-7 ದಿನವಾದಾಗ ಲಸೋಟಾ ಲಸಿಕೆ, ಕಣ್ಣಿಗೆ ಒಂದು ಹನಿ. 4-5 ವಾರಕ್ಕೆ ಮತ್ತೊಮ್ಮೆ. 8 ವಾರಕ್ಕೆ ಆರ್‌2ಬಿ ಚುಚ್ಚುಮದ್ದು. ನಡುವೆ ಸಿಡುಬಿನ ಲಸಿಕೆ ಯಾವಾಗ ಎಂದು ವೈದ್ಯರನ್ನು ಕೇಳುತ್ತೇನೆ.

* ಲಸಿಕೆ ತರುವುದು ಐಸು ಹಾಕಿದ ಥರ್ಮಾಸಿನಲ್ಲಿ. ಬಿಸಿಲು ತಾಗಿದರೆ ಅದು ಬರೀ ನೀರು. ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ತಂಪು ಹೊತ್ತೇ ಒಳ್ಳೆಯದು. ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಬಾರದು.

* ಸತ್ತದ್ದನ್ನು ಬಾವಿಯಿಂದ ದೂರ, ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುತ್ತೇನೆ.

* ಕೋಳಿಯನ್ನು ಸಾಗಿಸುವುದು ಗಾಳಿಯಾಡುವ ಬುಟ್ಟಿಯಲ್ಲಿ, ನಿಂತ ಭಂಗಿಯಲ್ಲಿ.

ಲಸಿಕೆಯ ಒಂದು ಬಾಟಲಿಯಲ್ಲಿ ನೂರಾರು ಹಕ್ಕಿಗೆ ಸಾಕಾಗುವಷ್ಟು ಇರುತ್ತದೆ. ಹತ್ತು ಕೋಳಿ ಇರುವವರು ಒಬ್ಬರೇ ತಂದರೆ ಉಳಿದದ್ದು ದಂಡ. ಅದಕ್ಕೆ ನಾವು ಏಳು ಮನೆಯವರು ಒಟ್ಟಾಗಿದ್ದೇವೆ. ಲಸಿಕೆಯ ದಿನ ಎಲ್ಲರೂ ಬುಟ್ಟಿ ಹಿಡಿದು ಬರುವ ಹಾಗಿಲ್ಲ, ರೋಗ ಹಂಚಿದ ಹಾಗಾದೀತು. ಥರ್ಮಾಸು ಹಿಡಿದವರೇ ಮನೆಮನೆಗೆ ಹೋಗುವುದು, ಪ್ರತಿ ಮನೆಯಲ್ಲಿ ಕೈಕಾಲು ತೊಳೆದು ಮುಂದೆ ಹೊರಡುವುದು.

ಯಾರ ಮನೆಯಲ್ಲಿ ಯಾವಾಗ ಹಾಕಿದ್ದು, ಎಷ್ಟು ಕೋಳಿ, ಎಷ್ಟು ಸತ್ತದ್ದು ಎಲ್ಲ ಒಂದು ನೋಟುಪುಸ್ತಕದಲ್ಲಿದೆ. ಪುಸ್ತಕ ಇರುವುದು ಕೆಳಗಿನ ಮನೆಯ ಅಕ್ಕನ ಹತ್ತಿರ. ಒಂದು ಕೋಳಿ ತೂಕಡಿಸಿದರೂ ಮೊದಲು ಅವರಿಗೆ ಹೇಳಬೇಕು ಎಂಬುದು ನಮ್ಮ ಏಳು ಮನೆಯ ಕಾನೂನು. ಕಳೆದ ಮಳೆಗಾಲದಲ್ಲಿ ನನ್ನದೊಂದು ಹುಂಜ ಮಂಕಾದಾಗ ಮಳೆಯಲ್ಲೇ ಹೋಗಿ ಹೇಳಿ ಬಂದೆ. ಬರೇ ಜಂತುಹುಳದ ಬಾಧೆ. ಅಕ್ಕ ನಕ್ಕು, ಅದನ್ನೂ ಬರೆದುಕೊಂಡರು.