ಥಟ್ ಅಂತ ಹೇಳಿಸುವ ಡಾಕ್ಟರು



ಈ ಸಲ ಗೋಡೆ ಪತ್ರಿಕೆಗೆ ‘ನನ್ನ ಮೆಚ್ಚಿನ ವ್ಯಕ್ತಿ’ ಬರೆಯಬೇಕು ಅಂದಾಗ ನಮ್ಮ ಬೆಂಚಿನಲ್ಲಿ ಮೂರು ಜನ ಕ್ರಿಕೆಟ್ ಆಟಗಾರರನ್ನೇ ಆರಿಸಿಕೊಂಡರು. ನಾನು ಒಬ್ಬ ಡಾಕ್ಟರ ಬಗ್ಗೆ ಬರೆಯುತ್ತೇನೆ. ಅವರೇ ಡಾ. ನಾ. ಸೋಮೇಶ್ವರ. ಅವರು ವೈದ್ಯರು, ಆರೋಗ್ಯದ ಬಗ್ಗೆ ಕನ್ನಡದಲ್ಲಿ ಬಹಳ ಪುಸ್ತಕ ಬರೆದವರು. ಆದರೆ ಜನರಿಗೆ ಗೊತ್ತಿರುವುದು ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮದಿಂದ.

ಅದು ಶುರುವಾದದ್ದು 2002ರಲ್ಲಿ. ಆಗ ನಾವ್ಯಾರೂ ಹುಟ್ಟಿರಲಿಲ್ಲ! ಆಮೇಲೆ 3000ಕ್ಕೂ ಹೆಚ್ಚು ಕಂತು ಬಂದಿವೆ. ನಮ್ಮ ತಾತ ಊಟ ಮುಗಿಸಿ, ಎಲೆ ಅಡಿಕೆ ಹಾಕ್ಕೊಂಡು, ಟೀವಿಯಲ್ಲಿದ್ದವರಿಗಿಂತ ಮೊದಲು ಉತ್ತರ ಕೂಗ್ತಾರೆ. ಅರ್ಧ ತಪ್ಪಿರುತ್ತೆ.

ಸರಿ ಉತ್ತರ ಹೇಳಿದವರಿಗೆ ಅಲ್ಲಿ ಕನ್ನಡ ಪುಸ್ತಕ ಬಹುಮಾನ. ನಮ್ಮಣ್ಣ ನಗ್ತಾನೆ. “2012ರಲ್ಲಿ ಪುನೀತ್ ರಾಜ್‌ಕುಮಾರ್ ಕೋಟ್ಯಧಿಪತಿ ಶುರು ಮಾಡಿದಾಗ ಕೋಟಿ ಕೊಡ್ತೀವಿ ಅಂದ್ರು, ಇಲ್ಲಿ ಬರೀ ಪುಸ್ತಕನಾ?” ಅಂತ. ಅದಕ್ಕೆ ತಾತ, “ದುಡ್ಡು ಖರ್ಚಾಗೋಗುತ್ತೆ ಕಣೋ, ಪುಸ್ತಕ ಮನೇಲಿ ಬಿದ್ದಿರುತ್ತೆ, ಯಾರಾದ್ರೂ ಓದ್ತಾರೆ” ಅಂದರು. ನನಗೂ ಅದೇ ಸರಿ ಅನ್ನಿಸಿತು.

ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. ಉತ್ತರ ತಪ್ಪಾದರೆ ಅವರು ಗೇಲಿ ಮಾಡುವುದಿಲ್ಲ. ಸರಿ ಉತ್ತರ ಹೇಳಿ, ಅದು ಯಾಕೆ ಅಂತ ಬಿಡಿಸಿ ಹೇಳುತ್ತಾರೆ. ಆ ತರಹದ್ದೊಂದು ಪ್ರಶ್ನೆ ನಾನೇ ಮಾಡಿದ್ದೇನೆ. ಡೆಂಗಿ ಹರಡುವ ಸೊಳ್ಳೆ ಯಾವುದು? ಈಡಿಸ್. ಇಷ್ಟಕ್ಕೇ ನಿಲ್ಲಿಸಿದರೆ ಒಂದು ಅಂಕ, ಅಷ್ಟೇ. ಅದು ಹೆಚ್ಚಾಗಿ ಹಗಲು ಹೊತ್ತು ಕಚ್ಚುತ್ತೆ, ಚರಂಡಿಗಿಂತ ಡ್ರಮ್ಮು, ಹಳೇ ಟೈರಿನಲ್ಲಿ ನಿಂತ ನೀರಲ್ಲೇ ಹೆಚ್ಚು ಮೊಟ್ಟೆ ಇಡುತ್ತೆ ಅಂತ ಸೇರಿಸಿದರೆ, ಮನೆಗೆ ಹೋಗಿ ಡ್ರಮ್ಮಿಗೆ ಮುಚ್ಚಳ ಹಾಕಬಹುದು. ನಾನು ಹಾಕಿದೆ.

ಒಂದು ವಿಷಯ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಒಂದು ಸ್ಪರ್ಧೆಗೆ ಹೋಗಿದ್ದೆ. ಹತ್ತಿರದ ಅಪಾರ್ಟ್‌ಮೆಂಟಿನ ಮಕ್ಕಳೂ ಬಂದಿದ್ದರು. ದ್ಯುತಿಸಂಶ್ಲೇಷಣೆ ಅಂತ ಉತ್ತರ ಕೊಟ್ಟೆ. ಇಂಗ್ಲಿಷಿನಲ್ಲಿ ಹೇಳು ಅಂದರು. ಬಾಯಿ ಕಟ್ಟಿಹೋಯಿತು, ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಎಷ್ಟೋ ದಿನ ತರಗತಿಯಲ್ಲೂ ನಾನು ಕೈ ಎತ್ತಲಿಲ್ಲ. ಟೀಚರ್, ನಿಮಗೆ ಇದು ಗೊತ್ತಿರಲಿಕ್ಕಿಲ್ಲ.

ಟೀವಿಯಲ್ಲಿ ಅವರು ವಿಜ್ಞಾನ, ವೈದ್ಯಕೀಯ, ಇತಿಹಾಸ ಎಲ್ಲವನ್ನೂ ಕನ್ನಡದಲ್ಲೇ ಕೇಳಿ ಕನ್ನಡದಲ್ಲೇ ವಿವರಿಸುವುದನ್ನು ನೋಡಿ ನೋಡಿ, ನನಗೆ ಗೊತ್ತಿದ್ದದ್ದು ಗೊತ್ತೇ ಇತ್ತಲ್ಲ ಅನ್ನಿಸಿತು. ಹೋದ ತಿಂಗಳಿಂದ ಮತ್ತೆ ಕೈ ಎತ್ತುತ್ತಿದ್ದೇನೆ. ತಾತನ ಹಾಗೆ ಅರ್ಧ ತಪ್ಪಿರುತ್ತೆ.

ಈಗ ನಿಮಗೊಂದು ಪ್ರಶ್ನೆ. ನಮ್ಮ ವರ್ತೂರು ಕೆರೆಯ ಕೋಡಿ ನೀರು ಕೊನೆಗೆ ಸೇರುವುದು ಯಾವ ನದಿಗೆ? ಶನಿವಾರದೊಳಗೆ ಚೀಟಿಯಲ್ಲಿ ಬರೆದು ನನಗೆ ಕೊಡಿ. ಮೊದಲು ಸರಿ ಬರೆದವರಿಗೆ ನನ್ನದೊಂದು ಕಥೆ ಪುಸ್ತಕ. ರಟ್ಟು ಸ್ವಲ್ಪ ಹರಿದಿದೆ, ಹಾಳೆಗಳೆಲ್ಲ ಇವೆ.