ಜೈಲಿಗೆ ಹೋದರೆ ಸಂಬಳವೇ?

ಅಡಿಕೆ ಕೊನೆ ತೆಗೆಯಲು ಆಳು ಸಿಗದ ಹಂಗಾಮಿನಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಹೋಟೆಲುಗಳಲ್ಲಿ ಒಂದು ಮಾತು ಎದ್ದೇ ಏಳುತ್ತದೆ: ‘ಜೈಲಿಗೆ ಹೋದವನಿಗೆ ದಿನಕ್ಕೆ ಐನೂರು ರೂಪಾಯಿ ಕೂಲಿ, ಮುದ್ದೆ ಬಿಟ್ಟಿ. ನಮಗಿಂತ ಅವರೇ ವಾಸಿ.’ ಓದಿದವರೂ ಹೌದೆಂದು ತಲೆಯಾಡಿಸುತ್ತಾರೆ. ಕೇಳಿ ಕೇಳಿ ರೋಸಿಹೋಗಿದೆ. ಕೂಲಿಯ ಈ ಮಾತಿನಲ್ಲಿ ನಿಜವಿರುವುದು ಸುಮಾರು ಐನೂರು ಎಂಬ ಅಂಕಿ ಮಾತ್ರ.

ಕೂಲಿ ಸಿಗುವುದು ದುಡಿದ ದಿನಕ್ಕೆ, ಮುಖ್ಯವಾಗಿ ಸಜಾ ಬಂದಿಗೆ. ಕಡೂರು ಇಲ್ಲವೇ ತರೀಕೆರೆ ಕೋರ್ಟಿನಿಂದ ನ್ಯಾಯಾಂಗ ಬಂಧನಕ್ಕೆ ಹೋದವನು ವಿಚಾರಣಾಧೀನ. ಅವನ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ, ಹಾಗಾಗಿ ಅವನನ್ನು ಬಲವಂತವಾಗಿ ದುಡಿಸುವಂತಿಲ್ಲ. ದುಡಿಮೆ ಇಲ್ಲದ ಮೇಲೆ ಕೂಲಿ ಎಲ್ಲಿಂದ ಬರಬೇಕು? ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇಂಥವರೇ. ಕಠಿಣ ಸಜೆ ಆದವನ ಸಂಗತಿ ಬೇರೆ. ಅವನಿಗೆ ದುಡಿಮೆಯೇ ಶಿಕ್ಷೆಯ ಭಾಗ. ಜೈಲಿನ ಅಡುಗೆಮನೆಯಲ್ಲೋ ಬೇಕರಿಯಲ್ಲೋ ಮಗ್ಗದ ಮುಂದೆಯೋ ಹೊಲಿಗೆ ಯಂತ್ರದ ಮುಂದೆಯೋ ಹಾಕಿದ ಕೆಲಸವನ್ನು ಅವನು ಮಾಡಲೇಬೇಕು, ಒಲ್ಲೆ ಎನ್ನುವಂತಿಲ್ಲ.

ಆ ಕೂಲಿ ಸರ್ಕಾರದ ಧರ್ಮವೂ ಅಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಗುಜರಾತಿನ ಪ್ರಕರಣವೊಂದರಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ನೋಡಿತು. ಕಠಿಣ ಸಜೆಯವನನ್ನು ದುಡಿಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಬೇಕು ಎಂದಿತು. ಊಟ, ಬಟ್ಟೆಯ ಖರ್ಚನ್ನು ಲೆಕ್ಕಕ್ಕೆ ಹಿಡಿಯಬಹುದು, ಒಂದು ಪಾಲನ್ನು ಅಪರಾಧದಿಂದ ನೊಂದವರ ಪರಿಹಾರಕ್ಕೆ ತೆಗೆದಿಡಲು ಕಾನೂನು ಮಾಡಬೇಕು ಎಂದೂ ಹೇಳಿತು. ‘ಕೊಲೆಗಡುಕನಿಗೆ ಯಾಕೆ ದುಡ್ಡು’ ಎಂದು ಕೂಗುವವರಿಗೆ ಈ ಕೊನೆಯ ಮಾತು ಗೊತ್ತೇ ಇಲ್ಲ. ಅವನು ದುಡಿದು ಗಳಿಸಿದರೆ ತಾನೇ ಸತ್ತವನ ಹೆಂಡತಿ ಮಕ್ಕಳಿಗೆ ಅದರಲ್ಲಿ ಪಾಲು ಕೇಳಲು ಸಾಧ್ಯ?

ಎರಡನೆಯ ನಂಬಿಕೆ: ಕೈದಿಗಳನ್ನು ಹಗಲು ಹೊರಗೆ ಕೂಲಿಗೆ ಬಿಡುತ್ತಾರೆ ಎಂಬುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1913ರಿಂದ ಅಂಥ ಕಾನೂನಿದೆ. ರಾಜಸ್ಥಾನದ ಸಾಂಗಾನೇರ್ ಬಯಲು ಜೈಲಿನಲ್ಲಿ ಕೈದಿಗಳು ಹೆಂಡತಿ ಮಕ್ಕಳೊಂದಿಗಿದ್ದು, ಹೊರಗೆ ದುಡಿದು, ಸಂಜೆ ಹಾಜರಿಗೆ ಮರಳುತ್ತಾರೆ. ನಮ್ಮಲ್ಲಿರುವುದು ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದ ಬಯಲು ಬಂದೀಖಾನೆ. ನಡತೆ ನೋಡಿ ಆರಿಸಿದ ಕೆಲವೇ ಸಜಾ ಬಂದಿಗಳು ಅಲ್ಲಿ ಬೇಸಾಯ ಮಾಡುತ್ತಾರೆ, ಅದೂ ಜೈಲಿನದೇ ಜಮೀನಿನಲ್ಲಿ. ತನ್ನ ಸ್ವಂತ ಹೊಲ ನೋಡಿಕೊಳ್ಳಬೇಕೆಂದರೆ ಪೆರೋಲ್ ಬೇಕು. 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಜೀವಾವಧಿ ಕೈದಿಗೆ ಕೃಷಿಗಾಗಿ 90 ದಿನ ಕೊಟ್ಟಿತು. ಆಗ ಅವನು ಜೈಲು ಸೇರಿ 10 ವರ್ಷ ದಾಟಿತ್ತು.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಶಿಕ್ಷೆಯ ಅವಧಿಗೆ ಹಗಲು ಒಂದು ದಿನ, ರಾತ್ರಿ ಒಂದು ದಿನ ಎಂಬ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ. ಜೀವಾವಧಿ ಎಂದರೆ 14 ವರ್ಷ ಅಲ್ಲ, ಬದುಕಿರುವಷ್ಟು ಕಾಲ. ಕೊಲೆಯಂಥ ಪ್ರಕರಣದಲ್ಲಿ 14 ವರ್ಷ ಒಳಗೆ ಕಳೆದ ಮೇಲಷ್ಟೇ ಸರ್ಕಾರ ಬಿಡುಗಡೆಯ ಯೋಚನೆ ಮಾಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿರುವ ಸಮುದಾಯ ಸೇವೆ ಎಂಬ ಶಿಕ್ಷೆಗೆ ಕೂಲಿ ಇಲ್ಲ.

ಈರುಳ್ಳಿ ಮಾರಲು ಮೂರು ಮಂಡಿಯಲ್ಲಿ ಧಾರಣೆ ವಿಚಾರಿಸುವ ಜನ ನಾವು. ಮೊಬೈಲಿಗೆ ಬಂದ ನಾಲ್ಕು ಸಾಲನ್ನು ಮಾತ್ರ ಯಾರನ್ನೂ ಕೇಳದೆ ನಂಬುತ್ತೇವೆ, ಅದು ನಮ್ಮ ಸಿಟ್ಟಿಗೆ ಹೊಂದಿದರೆ ಸಾಕು. ಇದರಿಂದ ಯಾರಿಗೂ ನಷ್ಟವಿಲ್ಲ ಎನ್ನಬೇಡಿ. ಜಾಮೀನಿಗೆ ಭದ್ರತೆ ಕೊಡುವವರಿಲ್ಲದೆ ಒಳಗೇ ಉಳಿದವನ ಮನೆಗೆ ಅವನ ದುಡಿಮೆ ನಿಂತಿರುತ್ತದೆ, ವಕೀಲರ ಖರ್ಚು ನಿಂತಿರುವುದಿಲ್ಲ. ಅಂಥ ಮನೆಯ ಹೆಂಗಸು ಕೈಸಾಲ ಕೇಳಲು ಬಂದಾಗ ‘ನಿನ್ನ ಗಂಡನಿಗೆ ಸರ್ಕಾರದ ಸಂಬಳ ಬರುತ್ತಲ್ಲ’ ಎಂದು ಬರಿಗೈಯಲ್ಲಿ ಕಳಿಸುವುದು ಅಜ್ಞಾನವಷ್ಟೇ ಅಲ್ಲ, ಕ್ರೌರ್ಯ.